ಗ್ರೇಟ್ ಡೇನ್ ಮರಿ ತರ್ತೀರಾ? ಕಿವಿಯ ವಿಷಯ ಮೊದಲೇ ತೀರ್ಮಾನಿಸಿ

"ಮೇಡಂ, ಕಿವಿ ಕಟ್ ಮಾಡಿಸಿ ಕೊಡ್ಲಾ, ಹಾಗೇ ಕೊಡ್ಲಾ?"

ಗ್ರೇಟ್ ಡೇನ್ ಅನ್ನೋ ದೊಡ್ಡ ತಳಿಯ ನಾಯಿಮರಿಗೆ ಅಡ್ವಾನ್ಸ್ ಕೊಡಲು ಹೋದಾಗ ಬ್ರೀಡರ್ ಕೇಳಿದ್ದು ಹೀಗೆ. ಬ್ಲೌಸ್‌ಗೆ ಲೈನಿಂಗ್ ಹಾಕ್ಲಾ ಬೇಡ್ವಾ ಅಂತ ಟೈಲರ್ ಕೇಳ್ತಾರಲ್ಲ, ಅಷ್ಟೇ ಸಲೀಸಾಗಿ. ಮರಿಗೆ ಆಗ 22 ದಿನ. ತಾಯಿಯ ಹೊಟ್ಟೆಗೆ ಮುಖ ಒತ್ತಿಕೊಂಡು ಮಲಗಿತ್ತು.

"ಮುಟ್ಟಬೇಡಿ" ಅಂದೆ. ಅಷ್ಟು ಬೇಗ ಉತ್ತರ ಬಂದಿದ್ದು ನನ್ನ ಜಾಣತನದಿಂದಲ್ಲ. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ರಾಜ ಅನ್ನೋ ಡಾಬರ್‌ಮ್ಯಾನ್ ಇದ್ದ. ಅವನ ಕಿವಿ ನಾವೇ ಕಟ್ ಮಾಡಿಸಿದ್ದೆವು.

ದೊಡ್ಡ ತಳಿಯ ನಾಯಿ ತರುವವರು ಮೊದಲು ತಿಳಿಯಬೇಕಾದ್ದು, ಯೋಚನೆಗೆ ಸಮಯ ತುಂಬಾ ಕಡಿಮೆ. ಜೋತುಬೀಳುವ ಕಿವಿ ನಿಗುರಿ ನಿಲ್ಲಲಿ ಅಂತ ಸಾಮಾನ್ಯವಾಗಿ ಮರಿಗೆ 7ರಿಂದ 12 ವಾರ ಆಗಿರುವಾಗ ಕಿವಿ ಕತ್ತರಿಸುತ್ತಾರೆ. ಕಿವಿಯ ಮೆದುಮೂಳೆ ಆಗ ಇನ್ನೂ ಎಳೆಯದು, ಬೇಕಾದ ಹಾಗೆ ನಿಲ್ಲಿಸಬಹುದು ಅನ್ನೋ ಲೆಕ್ಕ. ನೀವು ಮರಿ ಮನೆಗೆ ತಂದು, ಹೆಸರಿಟ್ಟು, ನಿಧಾನಕ್ಕೆ ನೋಡೋಣ ಅನ್ನುವಷ್ಟರಲ್ಲಿ ಬ್ರೀಡರ್ ಕೆಲಸ ಮುಗಿಸಿರಬಹುದು. ಹಾಗಾಗಿ ಅಡ್ವಾನ್ಸ್ ಕೊಡುವ ದಿನವೇ ತೀರ್ಮಾನ ಆಗಿರಲಿ.

ರಾಜನ ಕಥೆ ಹೇಳ್ತೀನಿ. ನಮ್ಮ ಮನೆಯವರಿಗೆ ಕ್ಯಾಲೆಂಡರ್‌ನಲ್ಲಿರೋ ಡಾಬರ್‌ಮ್ಯಾನ್ ಥರಾ ಕಿವಿ ನಿಗುರಿರಬೇಕಿತ್ತು. 9 ವಾರದ ಮರಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿದರು. ಅದು ಒಂದು ಬೆಳಗಿನ ಕೆಲಸ. ನಮಗೆ ಯಾರೂ ಬಿಡಿಸಿ ಹೇಳದೇ ಇದ್ದದ್ದು ಅದರ ನಂತರದ ನಾಲ್ಕು ತಿಂಗಳು. ಕತ್ತರಿಸಿದ ಕೂಡಲೇ ಕಿವಿ ತಾನೇ ನಿಲ್ಲುವುದಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಒಳಗೆ ಸ್ಪಂಜಿನ ಕಡ್ಡಿ ಇಟ್ಟು, ಸುತ್ತ ಟೇಪ್ ಬಿಗಿದು, ಐದಾರು ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು. ಗ್ರೇಟ್ ಡೇನ್ ಕಿವಿ ಇನ್ನೂ ಉದ್ದ, ಇನ್ನೂ ಭಾರ. ಅವಕ್ಕೆ ಇದು ಇನ್ನೂ ಜಾಸ್ತಿ ತಿಂಗಳು ಎಳೆಯುತ್ತದೆ.

ಟೇಪ್ ಬದಲಿಸುವುದು ಭಾನುವಾರದ ಕೆಲಸ. ನಮ್ಮವರು ರಾಜನನ್ನು ತೊಡೆ ನಡುವೆ ಹಿಡಿದುಕೊಳ್ಳೋರು. ನಾನು ಕೊಬ್ಬರಿ ಎಣ್ಣೆ ಹಚ್ಚಿ ಅಂಟು ಬಿಡಿಸುತ್ತಿದ್ದೆ. ಟೇಪಿನ ಜೊತೆ ಕೂದಲೂ ಕಿತ್ತು ಬರೋದು. ಆಷಾಢದ ಜಡಿಮಳೆಯಲ್ಲಿ ಒಂದು ಸಲ ಟೇಪ್ ಒದ್ದೆಯಾಗಿ, ಒಳಗೆ ಹುಳಿ ಹಿಟ್ಟಿನ ವಾಸನೆ ಬಂದು, ಹೊಲಿಗೆ ಹಾಕಿದ್ದ ಅಂಚು ಕೆಂಪಾಗಿ ಕೀವು ತುಂಬಿತ್ತು. ಮತ್ತೆ ಡಾಕ್ಟರ್, ಮತ್ತೆ ಆಂಟಿಬಯಾಟಿಕ್. ಕೊನೆಗೆ ಟೇಪ್ ರೋಲ್ ಎಳೆಯುವ ಚರ್ ಸದ್ದು ಕೇಳಿದರೆ ಸಾಕು, ದಿವಾನದ ಕೆಳಗೆ ನುಗ್ಗಿಬಿಡುತ್ತಿದ್ದ. ಇಷ್ಟೆಲ್ಲ ಆದ ಮೇಲೆ ಬಲಗಿವಿ ಹನ್ನೆರಡು ಗಂಟೆ ಮುಳ್ಳಿನ ಹಾಗೆ ನಿಂತಿತು, ಎಡಗಿವಿ ಎರಡು ಗಂಟೆಗೆ ವಾಲಿತು. "ಇನ್ನೊಂದ್ಸಲ ಸರಿ ಮಾಡಬಹುದು" ಅಂದರು. ಸಾಕು ಸ್ವಾಮಿ ಅಂದೆವು.

ಅದೇ ವಾರಗಳಲ್ಲಿ ಮರಿಗೆ ಪಾರ್ವೋ (ಮರಿಗಳಿಗೆ ಬರುವ ಮಾರಕ ವಾಂತಿ-ಭೇದಿ ರೋಗ) ಲಸಿಕೆಗಳು ಇನ್ನೂ ಪೂರ್ತಿ ಆಗಿರುವುದಿಲ್ಲ. ಹಸಿ ಗಾಯ ಇಟ್ಟುಕೊಂಡು ಪದೇ ಪದೇ ಕ್ಲಿನಿಕ್ಕಿಗೆ ಓಡಾಡಬೇಕು. ಮನುಷ್ಯರ ಕೈ ಅಂದರೆ ಒಳ್ಳೆಯದು ಅಂತ ಮರಿ ಕಲಿಯೋದೂ ಆಗಲೇ. ರಾಜ ದೊಡ್ಡವನಾದ ಮೇಲೂ ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಡಾಬರ್‌ಮ್ಯಾನ್ ಆಗಿದ್ದಕ್ಕೆ ಹೇಗೋ ಆಯಿತು. 60 ಕೆ.ಜಿ. ದಾಟುವ ಡೇನ್ ಹಾಗೆ ಮಾಡಿದರೆ ಹಿಡಿಯೋರು ಯಾರು?

ಇನ್ನು ಕತ್ತರಿಸಿ ಅನ್ನೋರ ಕಾರಣಗಳು. "ಜೋತುಬಿದ್ದ ಕಿವಿಗೆ ಇನ್ಫೆಕ್ಷನ್ ಜಾಸ್ತಿ" ಅನ್ನೋದು ಎಲ್ಲರ ಬಾಯಲ್ಲೂ ಬರುತ್ತದೆ. ನಾಯಿಯ ಕಿವಿಯ ಕಾಲುವೆ ಮೊದಲು ಕೆಳಗಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ. ಸೋಂಕು ಶುರುವಾಗೋದು ಆ ಕಾಲುವೆಯಲ್ಲಿ. ಕತ್ತರಿಸೋದು ಹೊರಗಿನ ಎಲೆಯನ್ನು. ಅಲರ್ಜಿ, ಕಿವಿ ಹುಳ, ಸ್ನಾನದ ನೀರು ಒಳಗೆ ನಿಲ್ಲೋದು, ಇವು ಕಿವಿ ಕತ್ತರಿಸಿದರೂ ತಪ್ಪೋದಿಲ್ಲ. ಬೆಳೆಯುತ್ತಾ ಕಿವಿ ತಾನಾಗೇ ನಿಗುರುವ ಜರ್ಮನ್ ಶೆಫರ್ಡ್‌ಗೂ ಕಿವಿ ಸೋರುತ್ತದೆ. ನಮ್ಮ ರಾಜನಿಗೂ ಪ್ರತಿ ಮಳೆಗಾಲ ಸೋರಿತು.

"ಕಾವಲಿಗೆ ಗತ್ತು ಬೇಕಲ್ವಾ?" ಮುಧೋಳ ನಾಯಿ ನೋಡಿ. ಕಿವಿ ಮಡಚಿಕೊಂಡೇ ಇರುತ್ತದೆ. ಸೇನೆಯವರು ಮೀರತ್ತಿಗೆ ಕರೆದುಕೊಂಡು ಹೋಗಿ ತರಬೇತಿ ಕೊಟ್ಟಾಗ ಅದರ ಕಿವಿ ಎತ್ತಿ ನಿಲ್ಲಿಸಲಿಲ್ಲ. ಡೇನ್‌ನ ಹಿರೀಕರು ಕಾಡುಹಂದಿ ಬೇಟೆಯ ನಾಯಿಗಳು. ಹಂದಿ ಕಿವಿ ಸೀಳದಿರಲಿ ಅಂತ ಆಗ ಕತ್ತರಿಸುತ್ತಿದ್ದರು. ಮೈಸೂರಿನ ಕುವೆಂಪುನಗರದಲ್ಲಿ ಕಾಡುಹಂದಿ ಎಲ್ಲಿಂದ ಬರಬೇಕು?

ಉಳಿದದ್ದು ಚಂದ. ಅದೊಂದೇ ನಿಜವಾದ ಕಾರಣ, ಅದನ್ನು ಒಪ್ಪಿಕೊಂಡರೆ ತೀರ್ಮಾನ ಸುಲಭ. ನಿಮ್ಮ ಕಣ್ಣು ಒಂದೇ ರೂಪಕ್ಕೆ ಒಗ್ಗಿದೆ ಅಷ್ಟೇ. ಮೊಬೈಲಿನಲ್ಲಿ ಕಾಣುವ ನಿಗುರು ಕಿವಿಯ ಫೋಟೋಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಶೋಗಳಲ್ಲಿ ಇದಕ್ಕೆ ಇನ್ನೂ ಅವಕಾಶ ಇದೆ, ಅಲ್ಲಿನ ಪಶುವೈದ್ಯರ ಸಂಘ ಬೇಡ ಅಂದರೂ. ಡೇನ್ ಮತ್ತು ಡಾಬರ್‌ಮ್ಯಾನ್ ಎರಡರ ತವರು ಜರ್ಮನಿ. ಆ ತವರಿನಲ್ಲೇ 1987ರಿಂದ ಕಿವಿ ಕತ್ತರಿಸುವಂತಿಲ್ಲ. ಯಾರ ಮನೆಯಲ್ಲಾದರೂ ಬೆಳೆದ, ಕಿವಿ ಹಾಗೇ ಬಿಟ್ಟ ಡೇನ್ ಇದ್ದರೆ ಅರ್ಧ ಗಂಟೆ ಅದರ ಜೊತೆ ಕೂತು ಬನ್ನಿ. ಗೇಟಿನ ಸದ್ದಿಗೆ ಕಿವಿಯ ಬುಡ ಹೇಗೆ ಏಳುತ್ತದೆ, ಮನೆಯವರನ್ನು ಕಂಡರೆ ಹೇಗೆ ಹಿಂದಕ್ಕೆ ಮಲಗುತ್ತದೆ ನೋಡಿ. ಬೇರೆ ನಾಯಿಗಳೂ ಅದನ್ನೇ ಓದೋದು.

ಕಾನೂನು ಏನು ಹೇಳುತ್ತೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯ ಅಂಗ ಊನ ಮಾಡುವುದು ಹಿಂಸೆ. ದನದ ಕೊಂಬು ತೆಗೆಯೋದು, ಬೀಜ ಒಡೆಯೋದು, ಬರೆ ಹಾಕೋದು, ಮೂಗುದಾರ ಪೋಣಿಸೋದು, ಇವನ್ನು ನಿಯಮದ ಪ್ರಕಾರ ಮಾಡಿದರೆ ವಿನಾಯಿತಿ ಇದೆ. ನಾಯಿಯ ಕಿವಿ ಆ ಪಟ್ಟಿಯಲ್ಲಿಲ್ಲ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಯೂ ಬರಲ್ಲ! ಆದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಪ್ರಾಣಿಯನ್ನು ಅಂಗಹೀನ ಮಾಡಿದರೆ ಐದು ವರ್ಷದವರೆಗೂ ಜೈಲು ಇದೆ. ಬೀದಿನಾಯಿಯ ಕಿವಿತುದಿಯಲ್ಲಿ ಸಣ್ಣ ಕಚ್ಚು ಕಂಡರೆ ಗಾಬರಿಯಾಗಬೇಡಿ. ಅದು ಸಂತಾನಹರಣ ಆಗಿದೆ ಅನ್ನೋ ಗುರುತು, ಅರಿವಳಿಕೆಯಲ್ಲೇ ಹಾಕಿರುತ್ತಾರೆ. ಗಡ್ಡೆ, ಕೊಳೆತ ಗಾಯ ಅಂತ ಡಾಕ್ಟರ್ ಕಿವಿ ಕತ್ತರಿಸಬೇಕಾಗಿ ಬಂದರೆ ಅದೂ ಬೇರೆ ವಿಷಯ.

ಬ್ರೀಡರ್ ಹತ್ತಿರ ಬಾಯಿಮಾತು ಸಾಲದು. ನಾನು ವಾಟ್ಸ್ಯಾಪ್‌ನಲ್ಲಿ ಬರೆದೆ: "ಮರಿಯ ಕಿವಿ, ಬಾಲ ಎರಡೂ ಮುಟ್ಟುವಂತಿಲ್ಲ. ಮುಟ್ಟಿದರೆ ಅಡ್ವಾನ್ಸ್ ವಾಪಸ್." ಅವರಿಂದ ಓಕೆ ತರಿಸಿಕೊಂಡೆ. ವಾರಕ್ಕೊಂದು ವಿಡಿಯೋ ಕೇಳಿದೆ. "ಲುಕ್ಕೇ ಬರಲ್ಲ ಮೇಡಂ" ಅಂದರು. ಬರದಿದ್ದರೆ ಬೇಡ ಅಂದೆ. ಕಿವಿ ಕತ್ತರಿಸಿದ್ದೀವಿ ಅಂತ ಮೂರು ಸಾವಿರ ಜಾಸ್ತಿ ಕೇಳೋರಿಗೆ ಆ ದುಡ್ಡು ಕೊಡಲೇಬೇಡಿ. ಕೊಟ್ಟಷ್ಟೂ ಮುಂದಿನ ಸೂಲಿನ ಮರಿಗಳಿಗೆ ಕತ್ತರಿ.

ಹಾಗೇ ಬಿಟ್ಟ ಕಿವಿಗೂ ಕೆಲಸ ಇದೆ, ಸುಳ್ಳು ಹೇಳಲ್ಲ. ಡೇನ್ ತಲೆ ಒದರಿದರೆ ಕಿವಿತುದಿ ಗೋಡೆಗೆ ಬಡಿದು ರಕ್ತ ಬರಬಹುದು. ಹಾಗೆ ಒದರುತ್ತಲೇ ಇದ್ದರೆ ಒಳಗೆ ರಕ್ತ ತುಂಬಿ ಕಿವಿ ಪೂರಿಯ ಹಾಗೆ ಉಬ್ಬುತ್ತದೆ. ಆಗ ಮನೆಮದ್ದು ಬೇಡ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಒದರೋದಕ್ಕೆ ಮೂಲ ಸಾಮಾನ್ಯವಾಗಿ ಕಿವಿಯೊಳಗಿನ ಕಡಿತ. ಹಾಗಾಗಿ ವಾರಕ್ಕೊಮ್ಮೆ ಕಿವಿ ಎತ್ತಿ ಮೂಸಿ ನೋಡಿ. ಹೌದು, ಮೂಸಿ. ಕೆಟ್ಟ ವಾಸನೆ, ಕಾಫಿ ಚರಟದಂಥ ಕಪ್ಪು ಕೊಳೆ ಕಂಡರೆ ಕ್ಲಿನಿಕ್ಕಿಗೆ. ಇಲ್ಲದಿದ್ದರೆ ಡಾಕ್ಟರ್ ಹೇಳಿದ ಕಿವಿ ದ್ರಾವಣ ಬಿಟ್ಟು, ಬುಡವನ್ನು ಅರ್ಧ ನಿಮಿಷ ಮೃದುವಾಗಿ ಉಜ್ಜಿ, ನಾಯಿ ತಲೆ ಒದರಲು ಬಿಟ್ಟು, ಮೇಲೆ ಬಂದದ್ದನ್ನು ಹತ್ತಿಯಿಂದ ಒರೆಸಿ. ಬಡ್ಸ್ ಹಾಕಬೇಡಿ, ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ. ಎಣ್ಣೆಯೂ ಬೇಡ. ಕಿವಿಯ ಮಡಿಕೆಯಲ್ಲಿ ಉಣ್ಣಿ ಕಚ್ಚಿಕೊಂಡಿದೆಯಾ ನೋಡಿ, ಅವಕ್ಕೆ ಅಲ್ಲಿ ಕೂರೋದು ಬಹಳ ಇಷ್ಟ.

ಈಗಾಗಲೇ ಕಿವಿ ಕತ್ತರಿಸಿದ ನಾಯಿಯನ್ನು ದತ್ತು ತರುತ್ತಿದ್ದರೆ ಧಾರಾಳವಾಗಿ ತನ್ನಿ. ಅದರ ತಪ್ಪೇನಿದೆ? ತಲೆ ಮುಟ್ಟುವ ಮುಂಚೆ ಕೈ ಮೂಸಲು ಬಿಡಿ, ಅಷ್ಟೇ.

ಮಗಳು ಚಿಕ್ಕವಳಿದ್ದಾಗ ಜೂನ್ ಬಂದರೆ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸ. ಟೇಪ್ ಕಿತ್ತ ಮೊದಲ ಸದ್ದಿಗೇ ರಾಜ ದಿವಾನದ ಕೆಳಗೆ. ಕಿವಿ ವಾಸಿಯಾಗಿ ಆರು ವರ್ಷ ಆಗಿದ್ದರೂ. ಈ ಜೂನ್‌ನಲ್ಲಿ ನಾದಿನಿಯ ಮಗನ ಪುಸ್ತಕಗಳಿಗೆ ಬೈಂಡ್ ಹಾಕಲು ಕೂತೆ. ಡೇನ್ ಭೀಮ ಬಂದವನೇ ಹಾಸಿದ್ದ ಬ್ರೌನ್ ಪೇಪರ್ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಚರ್ ಅಂತ ಟೇಪ್ ಎಳೆದೆ. ಒಂದು ಕಿವಿ ಸ್ವಲ್ಪ ಎದ್ದು, ಮತ್ತೆ ಪೇಪರ್ ಮೇಲೆ ಬಿತ್ತು.