ಚಳಿಗಿಂತ ಒದ್ದೆಗೇ ನಾನು ಹೆದರುವುದು

ರಸ್ತೆ ಮುಗಿದ ಮೇಲೂ ಗಂಟೆಗಟ್ಟಲೆ ಹಿಮದಲ್ಲಿ ನಡೆದರೆ ಸಿಗುವ ಮರದ ಕ್ಯಾಬಿನ್‌ಗಳಿವೆ. ಅಲ್ಲಿ ರಾತ್ರಿ ತಂಗುವುದೆಂದರೆ ನನಗೆ ತುಂಬಾ ಇಷ್ಟ. ನಾನು ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಬೂಟಿಗೆ ಕಟ್ಟುವ ಅಗಲ ಚೌಕಟ್ಟು) ಕಟ್ಟಿಕೊಂಡು ಹೋಗುತ್ತೇನೆ, ಜೊತೆಗೆ ಬರುವವರಲ್ಲಿ ಕೆಲವರು ಸ್ಕೀ ಮೇಲೆ. ಅಲ್ಲಿ ಕರೆಂಟ್ ಇಲ್ಲ, ನಲ್ಲಿ ಇಲ್ಲ, ನೋಡಿಕೊಳ್ಳುವವರೂ ಇಲ್ಲ. ಮಲಗಲು ಹಲಗೆ, ಒಂದು ಸೌದೆ ಒಲೆ, ಅಷ್ಟೇ. ಚಳಿ ಹೇಗೆ ತಡ್ಕೊಳ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಮೈಮೇಲೆ ಒಣ ಬಟ್ಟೆ ಇದ್ದರೆ ಚಳಿ ಹೇಗೋ ತಡೆಯಬಹುದು. ಬೆವರಿಗೆ ನೆಂದ ಬನಿಯನ್‌ನಲ್ಲೇ ಕೂತರೆ ಮಾತ್ರ ಒಲೆ ಪಕ್ಕದಲ್ಲೂ ನಡುಕ ನಿಲ್ಲುವುದಿಲ್ಲ.

ಹಾಗಾಗಿ ರಾತ್ರಿಯ ತಯಾರಿ ದಾರಿಯಲ್ಲೇ ಶುರು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕುತ್ತೇನೆ. ಏರು ಬಂದರೆ ಬೆವರುವ ಮೊದಲೇ ಜಾಕೆಟ್ ತೆಗೆಯುತ್ತೇನೆ, ನಿಂತ ಕೂಡಲೇ ಹಾಕಿಕೊಳ್ಳುತ್ತೇನೆ. ಹತ್ತಿ ಬಟ್ಟೆ ಬೇಡವೇ ಬೇಡ, ಉಣ್ಣೆಯದ್ದೇ ಒಳ್ಳೆಯದು. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರುತ್ತೇನೆ. ಕ್ಯಾಬಿನ್ ಸೇರುವ ತನಕ ಅದನ್ನು ಮುಟ್ಟುವುದಿಲ್ಲ.

ಹಿಮಕುಸಿತದ ವಿಷಯದಲ್ಲಿ ರಾಜಿ ಇಲ್ಲ. ಜಾಸ್ತಿ ಕುಸಿಯುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಅಂಥ ಇಳಿಜಾರಿನ ಕೆಳಗೆ ನಡೆಯುವುದೂ ಅಪಾಯವೇ. ಬೆಳಿಗ್ಗೆ ಮುನ್ಸೂಚನೆ ಓದಿ, ಎಲ್ಲರ ಹತ್ತಿರವೂ ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇವೆಯಾ ಅಂತ ನೋಡಿಯೇ ಹೊರಡುತ್ತೇವೆ. ಇನ್ನೊಂದು ಮಾತು. ಸ್ಕೀ ಮಾಡುವವರು ಕಷ್ಟಪಟ್ಟು ಮೂಡಿಸಿದ ಜಾಡಿನ ಮೇಲೆ ಸ್ನೋಶೂ ಊರಬೇಡಿ. ಪಕ್ಕದಲ್ಲಿ ನಮ್ಮದೇ ದಾರಿ ಮಾಡಿಕೊಂಡರಾಯಿತು, ಅಲ್ವಾ?

ಕ್ಯಾಬಿನ್‌ಗೆ ಕಾಲಿಟ್ಟ ಕೂಡಲೇ ಬಟ್ಟೆ ಬದಲಿಸುತ್ತೇನೆ. ಒಲೆ ಆಮೇಲೆ. ಮೈಯಲ್ಲಿ ನಡಿಗೆಯ ಬಿಸಿ ಇರುವಾಗಲೇ ಈ ಕೆಲಸ ಮುಗಿಯಬೇಕು. ನಂತರ ಚಿಮಣಿಯ ಮುಚ್ಚಳ ತೆರೆದಿದೆಯಾ ಅಂತ ನೋಡಿ, ಸಣ್ಣ ಒಣ ಚಕ್ಕೆಗಳಿಂದ ಬೆಂಕಿ ಶುರು ಮಾಡುತ್ತೇನೆ. ಹಿಮ ಮೆತ್ತಿದ ಸೌದೆ ಹೊಗೆ ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಅದನ್ನು ಒಳಗೆ ತಂದು ಒಣಗಲು ಬಿಡುತ್ತೇನೆ.

ಸಂಜೆಯ ದೊಡ್ಡ ಕೆಲಸ ನೀರು. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಜಾಸ್ತಿ. ಪಾತ್ರೆ ತುಂಬ ಹಾಕಿದರೂ ತಳದಲ್ಲಿ ಒಂದಿಷ್ಟು ನೀರು ಸಿಗುತ್ತದೆ. ಬರೀ ಹಿಮ ಹಾಕಿ ಒಲೆಯ ಮೇಲಿಟ್ಟರೆ ಪಾತ್ರೆ ಸುಟ್ಟು ನೀರಿಗೆ ಸೀದ ವಾಸನೆ ಬರುತ್ತದೆ. ಅದಕ್ಕೇ ಬಾಟಲಿಯಲ್ಲಿ ಸ್ವಲ್ಪ ನೀರು ಉಳಿಸಿಕೊಂಡು ಬಂದು, ಮೊದಲು ಅದನ್ನು ಹಾಕಿ, ಮೇಲೆ ಹಿಮ ಸೇರಿಸುತ್ತಾ ಹೋಗುತ್ತೇನೆ. 0 ಡಿಗ್ರಿಯ ಹಿಮ ಕರಗಲು ಬೇಕಾಗುವ ಶಾಖದಲ್ಲಿ ಅಷ್ಟೇ ನೀರನ್ನು 0ಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು. ಚಳಿಗಾಲದಲ್ಲಿ ಇಂಧನ ಅಷ್ಟು ಬೇಗ ಖಾಲಿಯಾಗುವುದು ಇದಕ್ಕೇ. ಗ್ಯಾಸ್ ಸ್ಟೌ ನಂಬುವವರು ಒಂದು ವಿಷಯ ನೆನಪಿಡಿ. ಡಬ್ಬಿಯೊಳಗಿನ ಬ್ಯೂಟೇನ್ ಅನಿಲ 0 ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ನಾನು ದ್ರವ ಇಂಧನದ ಸ್ಟೌ ಒಯ್ಯುತ್ತೇನೆ. ಹಿಮ ತೆಗೆಯುವ ಜಾಗ ಶೌಚದ ಜಾಗದಿಂದ ದೂರ, ಕ್ಯಾಬಿನ್‌ನ ಇನ್ನೊಂದು ಬದಿಯಲ್ಲಿ. ಕತ್ತಲಾಗುವ ಮೊದಲೇ ಅದನ್ನು ಎಲ್ಲರಿಗೂ ತೋರಿಸಿರುತ್ತೇವೆ.

ಒಲೆಯ ಮೇಲಿನ ಹಗ್ಗಕ್ಕೆ ಕಾಲುಚೀಲ, ಕೈಗವಸು, ಬೂಟಿನ ಒಳಪದರ ಎಲ್ಲ ನೇತುಬೀಳುತ್ತವೆ. ಬೂಟನ್ನು ಮಾತ್ರ ಒಲೆಗೆ ತೀರಾ ಹತ್ತಿರ ಇಡುವುದಿಲ್ಲ, ಬಿಸಿಗೆ ಅಂಟು ಬಿಟ್ಟುಕೊಂಡು ಅಟ್ಟೆ ಕಳಚಬಹುದು. ಇಷ್ಟೆಲ್ಲ ಒಣಗುವಾಗ ಕೋಣೆ ತುಂಬ ಆವಿ. ಕಿಟಕಿ ಒಂದಿಷ್ಟು ತೆರೆದೇ ಇರಬೇಕು ಅಂತ ನಾನು ಹಠ ಹಿಡಿಯುತ್ತೇನೆ. ಚಳಿ ಅಂತ ಯಾರು ಗೊಣಗಿದರೂ ಮುಚ್ಚಲು ಬಿಡುವುದಿಲ್ಲ. ಆವಿಗಿಂತ ದೊಡ್ಡ ಕಾರಣ ಕಾರ್ಬನ್ ಮೊನಾಕ್ಸೈಡ್, ಬೆಂಕಿ ಸರಿಯಾಗಿ ಉರಿಯದಿದ್ದಾಗ ಬರುವ ವಿಷಾನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಈ ಅನಿಲ ಇದ್ದರೆ ಕೂಗುವ, ಬ್ಯಾಟರಿಯ ಸಣ್ಣ ಅಲಾರಂ ಒಂದು ಸದಾ ನನ್ನ ಬ್ಯಾಗಿನಲ್ಲಿರುತ್ತದೆ.

ಮಲಗುವಾಗ ಬಿಸಿನೀರಿನ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳುತ್ತೇನೆ. ಫೋನ್, ಹೆಡ್‌ಲ್ಯಾಂಪ್ ಬ್ಯಾಟರಿಗಳೂ ಒಳಗೇ. ಮುಖವನ್ನು ಮಾತ್ರ ಹೊರಗೆ ಬಿಡುತ್ತೇನೆ. ಮುಸುಕು ಹಾಕಿದರೆ ಉಸಿರಿನ ತೇವ ಬ್ಯಾಗಿಗೇ ಇಳಿಯುತ್ತದೆ. ರಾತ್ರಿ ಮೂತ್ರಕ್ಕೆ ಎದ್ದು ಹೋಗಲು ಬೇಸರಪಡಬೇಡಿ. ತಡೆದುಕೊಂಡು ಮಲಗಿದರೆ ನಿದ್ದೆ ಬರುವುದಿಲ್ಲ. ಒಂದು ಸಲಿಕೆ ಬಾಗಿಲ ಒಳಗೇ ಇರಲಿ, ರಾತ್ರಿ ಬೀಸಿದ ಹಿಮ ಬಾಗಿಲು ಮುಚ್ಚಿಬಿಡಬಹುದು.

ಬೆಳಿಗ್ಗೆ ಕಸವೆಲ್ಲ ವಾಪಸ್ ಬ್ಯಾಗಿಗೆ. ನೆಲ ಗುಡಿಸಿ, ಮುಂದೆ ಬರುವವರಿಗೆ ಚಕ್ಕೆ ಸೀಳಿ ಒಲೆ ಪಕ್ಕ ಜೋಡಿಸುತ್ತೇವೆ. ಬಿಸಿಲೇರುವ ಮೊದಲೇ ಹೊರಡಬೇಕು. ಹೊತ್ತು ಏರಿದಂತೆ ಹಿಮ ಮೆತ್ತಗಾಗಿ ಸ್ನೋಶೂ ಕೂಡ ಆಳಕ್ಕೆ ಹೂತುಹೋಗುತ್ತದೆ, ಬಿಸಿಲು ಬೀಳುವ ಇಳಿಜಾರುಗಳೂ ಸಡಿಲವಾಗುತ್ತವೆ.