ಹಂಚು ತಾನಾಗಿ ಬಿಡುವವರೆಗೆ

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಎರಡು ಹಂಚುಗಳಿವೆ. ರೊಟ್ಟಿಯ ಹಂಚು ಅವ್ವನದು. ಅದಕ್ಕೆ ಮೀನಿನ ವಾಸನೆ ತಾಗಬಾರದು. ಇನ್ನೊಂದು ಬೀಡು ಕಬ್ಬಿಣದ್ದು, ಎರಡು ಬಂಗುಡೆಗಳು ಉದ್ದಕ್ಕೆ ಮಲಗುವಷ್ಟು ಅಗಲ. ಅದು ಮೀನಿಗೆ ಮಾತ್ರ. ಮೀನು ಹುರಿಯುವ ಕೆಲಸ ನನ್ನದು.

ನಾನು ಬೆಳೆದದ್ದು ಗದಗಿನಲ್ಲಿ. ಮನೆಯಲ್ಲಿ ಕುರಿ, ಕೋಳಿ ಬೇಯುತ್ತಿದ್ದವು, ಮೀನು ಬರುತ್ತಿರಲಿಲ್ಲ. ಹೀಗಾಗಿ ಕೈಹಿಡಿದು ಕಲಿಸುವವರಿರಲಿಲ್ಲ. ಮೊದಲ ಸಲ ಹುರಿದಾಗ ಬಂಗುಡೆಯ ಚರ್ಮವೆಲ್ಲ ಹಂಚಿಗೇ ಅಂಟಿಕೊಂಡು, ತಟ್ಟೆಗೆ ಬಂದದ್ದು ಬರೀ ಮಾಂಸದ ಚೂರುಗಳು. ಮುಂದಿನ ವಾರ ಗಣೇಶಪೇಟೆಯಲ್ಲಿ ಮೀನು ಮಾರುವ ಅಕ್ಕನಿಗೆ ಹೇಳಿಕೊಂಡೆ. ಅವರು ಮೀನಿನ ಹೊಟ್ಟೆ ಸೀಳುತ್ತಲೇ ಕೇಳಿದರು: “ತಮ್ಮಾ, ಒರೆಸಿದ್ದೆಯಾ? ಹಂಚು ತಾನಾಗಿ ಬಿಡುವವರೆಗೆ ಕೈ ಕಟ್ಟಿಕೊಂಡು ನಿಂತಿದ್ದೆಯಾ?” ನಾನು ಎರಡನ್ನೂ ಮಾಡಿರಲಿಲ್ಲ. ಅಂದಿನಿಂದ ನನ್ನ ಅಡುಗೆಯೆಲ್ಲ ಈ ಎರಡು ಮಾತುಗಳ ಸುತ್ತಲೇ ನಡೆದಿದೆ.

ಕಾರವಾರ, ಅಂಕೋಲಾ ಕಡೆಯ ಮೀನು ಅರಬೈಲ್ ಘಾಟು ಹತ್ತಿ, ಮಂಜುಗಡ್ಡೆಯಲ್ಲಿ ನಮ್ಮೂರಿಗೆ ಬರುತ್ತದೆ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಮತ್ತೆ ಮೇಲೇಳಬೇಕು. ಬಂಗುಡೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಈ ಜಾತಿಯ ಮೀನು ಬಿಸಿಲಿನಲ್ಲಿ ಕುಳಿತರೆ ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬೆಳೆಯುತ್ತದೆ. ತಿಂದವರ ಮುಖ ಕೆಂಪಾಗಿ, ತುರಿಕೆ ಏಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಬೇರೆ ಸಂತೆಯನ್ನೆಲ್ಲ ಮುಗಿಸಿ, ಮೀನನ್ನು ಕೊನೆಗೆ ಕೊಂಡು, ಮಂಜುಗಡ್ಡೆಯ ಚೂರುಗಳೊಡನೆ ಡಬ್ಬಿಯಲ್ಲಿಟ್ಟು ನೇರವಾಗಿ ಮನೆಗೆ ಬರುತ್ತೇನೆ.

ಬೆನ್ನೆಲುಬಿಗೆ ಅಂಟಿದ ರಕ್ತವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯಿರಿ. ನಾತವೆಲ್ಲ ಅಲ್ಲಿಯೇ ಕುಳಿತಿರುತ್ತದೆ. ಎರಡೂ ಬದಿಗೆ ಮೂರು ಮೂರು ಗೀರು ಹಾಕಿ, ಉಪ್ಪು, ಅರಿಶಿನ ಸವರಿ ಹದಿನೈದು ನಿಮಿಷ ಬಿಡುತ್ತೇನೆ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ತಟ್ಟೆಯನ್ನು ಓರೆ ಮಾಡಿದರೆ ಹಳದಿ ನೀರು ಒಂದು ಮೂಲೆಗೆ ಹರಿದು ನಿಲ್ಲುವುದು ಕಾಣುತ್ತದೆ. ಅದನ್ನು ಚೆಲ್ಲಿ, ಹಳೆಯ ಪಂಚೆಯ ತುಂಡಿನಿಂದ ಮೀನನ್ನು ಒತ್ತಿ ಒತ್ತಿ ಒರೆಸಬೇಕು, ಗೀರುಗಳ ಒಳಗನ್ನೂ ಹೊಟ್ಟೆಯ ಒಳಗನ್ನೂ ಬಿಡದೆ. ನೀರು ಇರುವಷ್ಟು ಹೊತ್ತು ಮೀನಿನ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಚೆನ್ನಾಗಿ ಕೆಂಪಗಾಗಲು ಸುಮಾರು 140 ಡಿಗ್ರಿ ಬೇಕು. ಒದ್ದೆ ಮೀನು ಹಂಚಿನ ಮೇಲೆ ಹುರಿಯುವುದಿಲ್ಲ, ಬೇಯುತ್ತದೆ; ಬೇಯುತ್ತ ಕಬ್ಬಿಣಕ್ಕೆ ಅಂಟುತ್ತದೆ.

ಮಸಾಲೆ ಕಡಿಮೆ. ಎರಡು ಮೀನಿಗೆ ಒಂದು ಚಮಚ ಬ್ಯಾಡಗಿ ಖಾರದ ಪುಡಿ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ, ಕಲಸಲು ನೀರಿನ ಬದಲು ಎಣ್ಣೆ. ಬ್ಯಾಡಗಿ ಬಣ್ಣ ಕೊಡುತ್ತದೆ, ನಾಲಿಗೆಯನ್ನು ಸುಡುವುದಿಲ್ಲ. ಮೀನಿನ ರುಚಿ ಉಳಿಯುತ್ತದೆ. ಹುಣಸೆಹಣ್ಣಿನ ನೀರು ಮತ್ತೆ ತೇವ ತರುತ್ತದೆಂದು ಅದನ್ನು ಬಿಟ್ಟಿದ್ದೇನೆ. ತಿನ್ನುವಾಗ ನಿಂಬೆ ಹಿಂಡಿದರೆ ಸಾಕು. ಕರಾವಳಿಯವರು ರವೆ ಹಚ್ಚುತ್ತಾರೆ. ನಾನು ರೊಟ್ಟಿಯ ಡಬ್ಬಿಯಿಂದ ಒಂದು ಚಿಟಿಕೆ ಜೋಳದ ಹಿಟ್ಟು ತೆಗೆದು ತೆಳ್ಳಗೆ ಉದುರಿಸುತ್ತೇನೆ.

ಬರಿಯ ಹಂಚನ್ನು ನಡುವಿನ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸುತ್ತೇನೆ. ಚಿಮುಕಿಸಿದ ನೀರು ಮುತ್ತಿನಂತೆ ಉರುಳಾಡಿದರೆ ಕಾದಿದೆ ಎಂದರ್ಥ. ಆಗ ಎರಡು ಚಮಚ ಶೇಂಗಾ ಎಣ್ಣೆ ಬಿಟ್ಟು, ಉರಿಯನ್ನು ತುಸು ಇಳಿಸಿ ಮೀನು ಮಲಗಿಸುತ್ತೇನೆ. ಉರಿ ಜೋರಾದರೆ ಖಾರದ ಪುಡಿ ಕಪ್ಪಾಗಿ ಕಹಿಯಾಗುತ್ತದೆ. ಚರ್ಮ ಸೆಟೆಯದಂತೆ ಹತ್ತು ಸೆಕೆಂಡು ಮೆಲ್ಲಗೆ ಅದುಮಿ ಕೈ ತೆಗೆಯುತ್ತೇನೆ.

ಇನ್ನು ಕಿವಿಯ ಕೆಲಸ. ಮೊದಲು ಚುರ್ ಎಂದು ಗದ್ದಲವಿರುತ್ತದೆ, ಅದು ನೀರು ಆರುವ ಸದ್ದು. ಮೂರು ನಾಲ್ಕು ನಿಮಿಷಕ್ಕೆ ಸದ್ದು ಸಣ್ಣದಾಗಿ, ಗೀರುಗಳ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ. ಚಪ್ಪಟೆ ಸೌಟನ್ನು ಬಾಲದ ಕಡೆಯಿಂದ ತೂರಿಸಿ ನೋಡಿ. ತಡೆದರೆ ಬಲ ಹಾಕಬೇಡಿ, ಇನ್ನೂ ಅರ್ಧ ನಿಮಿಷ ಬಿಡಿ. ಮೇಲ್ಪದರ ಗರಿಗಟ್ಟಿದಾಗ ಹಂಚು ತಾನೇ ಮೀನನ್ನು ಬಿಟ್ಟುಕೊಡುತ್ತದೆ. ಇನ್ನೊಂದು ಬದಿಗೆ ಮೂರು ನಿಮಿಷ. ಮುಳ್ಳಿನ ಹತ್ತಿರದ ಮಾಂಸ ಗಾಜಿನಂತೆ ಕಾಣದೆ ಬೆಳ್ಳಗಾಗಿ ಪದರು ಬಿಟ್ಟರೆ ಇಳಿಸಿ.

ಜೂನ್, ಜುಲೈ ತಿಂಗಳುಗಳಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ. ಆಗ ರೋಹು, ಕಾಟ್ಲಾ ತರುತ್ತೇನೆ. ಹಾವೇರಿಯ ಕಡೆ ವರದಾ ದಂಡೆಯಲ್ಲಿರುವ ನನ್ನ ಹೆಂಡತಿಯ ತವರಿನಲ್ಲಿ ಇವೇ ಹೆಚ್ಚು. ತುಂಡು ದಪ್ಪವಿದ್ದರೆ ಉರಿ ಇನ್ನೂ ಸಣ್ಣದು, ಸಮಯ ಎರಡರಷ್ಟು. ಮುಚ್ಚಳ ಬೇಡ, ಮುಚ್ಚಿದರೆ ಹಬೆ ಮತ್ತೆ ನೀರಾಗಿ ಮೀನಿನ ಮೇಲೆ ಬೀಳುತ್ತದೆ.

ಬಿಸಿ ರೊಟ್ಟಿ, ಹೆಚ್ಚಿದ ಉಳ್ಳಾಗಡ್ಡಿ, ನಿಂಬೆ. ಮೀನೆಂದರೆ ದೂರ ಸರಿಯುತ್ತಿದ್ದ ಅವ್ವ ಈಗ ಗರಿಗರಿಯಾದ ಬಾಲದ ತುಂಡನ್ನು ತನಗೆಂದು ಎತ್ತಿಡಲು ಹೇಳುತ್ತಾಳೆ. ಊಟವಾದ ಮೇಲೆ ಹಂಚನ್ನು ಕಲ್ಲುಪ್ಪಿನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಹಿತ್ತಿಲಿನ ಮೊಳೆಗೆ ತೂಗುಹಾಕುತ್ತೇನೆ, ರೊಟ್ಟಿಯ ಹಂಚಿನಿಂದ ದೂರ.