ಫೈಲ್ ತಿದ್ದಿದ್ದಾಯಿತು, ಮೇಲ್ ಸರ್ವರ್ ಅದನ್ನು ಓದಿತೇ?

ಸೇಲ್ಸ್ ವಿಳಾಸಕ್ಕೆ ಬರುವ ಮೇಲ್ ಇನ್ನು ಮುಂದೆ ಬೇರೊಬ್ಬರ ಪೆಟ್ಟಿಗೆಗೆ ಹೋಗಬೇಕು. ನೀವು 'ವರ್ಚುಯಲ್' ಎಂಬ ಫೈಲ್ ತೆರೆದು ಒಂದು ಸಾಲು ತಿದ್ದಿ ಸೇವ್ ಮಾಡಿದಿರಿ. ಮೇಲ್ ಮಾತ್ರ ಹಳಬರಿಗೇ ಹೋಗುತ್ತಿದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ನಡೆಸಲು ಕಲಿಯುವಾಗ ಎಡವುವ ಮೊದಲ ಜಾಗ ಇದು. ನೀವು ತಿದ್ದಿದ್ದು ಪಠ್ಯದ ಫೈಲನ್ನು. ಸರ್ವರ್ ಓದುವುದು ಅದರಿಂದ ತಯಾರಾದ ಇನ್ನೊಂದು ಫೈಲನ್ನು. ಮೊದಲನೆಯದರಿಂದ ಎರಡನೆಯದನ್ನು ಮಾಡಿಕೊಡುವ ಆಜ್ಞೆಯೇ 'ಪೋಸ್ಟ್‌ಮ್ಯಾಪ್'.

ವೀಟ್ಸೆ ವೆನೆಮಾ ಐಬಿಎಂ ಸಂಶೋಧನಾ ವಿಭಾಗದಲ್ಲಿದ್ದಾಗ ಬರೆದ ಪೋಸ್ಟ್‌ಫಿಕ್ಸ್ 1998ರಲ್ಲಿ ಹೊರಬಂತು. ಅದು ಒಂದೇ ದೊಡ್ಡ ಪ್ರೋಗ್ರಾಂ ಅಲ್ಲ, ತಲಾ ಒಂದೊಂದು ಕೆಲಸ ಹೊತ್ತ ಹಲವು ಸಣ್ಣ ಪ್ರೋಗ್ರಾಂಗಳ ಗುಂಪು. ಇವು ಪ್ರತಿ ಮೇಲ್‌ಗೂ, ಯಾವ ವಿಳಾಸದ್ದು ಎಲ್ಲಿಗೆ ಎಂಬಂಥ ಪಟ್ಟಿಗಳನ್ನು, ಅಂದರೆ ಟೇಬಲ್‌ಗಳನ್ನು ನೋಡಬೇಕಾಗುತ್ತದೆ. ಸಾವಿರಾರು ಸಾಲುಗಳ ಪಠ್ಯವನ್ನು ಪ್ರತಿಸಲ ಮೊದಲಿನಿಂದ ಓದುತ್ತಾ ಕೂರಲಾಗದು, ಅದಕ್ಕೇ ಸೂಚಿ ಕಟ್ಟಿದ ಫೈಲ್ ಬೇಕು.

ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲಿಗೆ ನಿಮ್ಮ ಸರ್ವರ್‌ಗೆ ಯಾವ ಬಗೆಯ ಟೇಬಲ್‌ಗಳು ಗೊತ್ತು ಎಂದು ಕೇಳಿ:

ಪೋಸ್ಟ್‌ಕಾನ್ಫ್ -ಎಂ

ಹ್ಯಾಶ್, ಬಿಟ್ರೀ, ಸಿಡಿಬಿ, ಎಲ್‌ಎಂಡಿಬಿ, ಸಿಐಡಿಆರ್, ರೆಜೆಕ್ಸ್‌ಪಿ ಮುಂತಾದ ಹೆಸರುಗಳು ಬರುತ್ತವೆ. ಹ್ಯಾಶ್ ಮತ್ತು ಬಿಟ್ರೀ ಎರಡೂ ಬರ್ಕ್ಲಿ ಡಿಬಿ ಎಂಬ ಡೇಟಾಬೇಸ್ ಲೈಬ್ರರಿಯನ್ನು ನೆಚ್ಚಿಕೊಂಡಿವೆ. 2013ರಲ್ಲಿ ಅದರ ಪರವಾನಗಿ ಬದಲಾದ ಮೇಲೆ ಕೆಲವು ಲಿನಕ್ಸ್ ವಿತರಣೆಗಳು ಅದನ್ನು ಬಿಟ್ಟು ಎಲ್‌ಎಂಡಿಬಿ ಹಿಡಿದಿವೆ. ಪಟ್ಟಿಯಲ್ಲಿ ಹ್ಯಾಶ್ ಕಾಣದಿದ್ದರೆ ಗಾಬರಿ ಬೇಡ, ಮುಂದಿನ ಸಾಲುಗಳಲ್ಲಿ ಆ ಜಾಗಕ್ಕೆ ಎಲ್‌ಎಂಡಿಬಿ ಹಾಕಿಕೊಳ್ಳಿ.

ಇನ್ನು ಪಠ್ಯದ ಫೈಲ್. ಒಂದು ಸಾಲಿಗೆ ಒಂದು ನಮೂದು: ಎಡಕ್ಕೆ ಕೀ (ಹುಡುಕುವ ಪದ), ಜಾಗ ಬಿಟ್ಟು ಬಲಕ್ಕೆ ಬೆಲೆ (ಸಿಗುವ ಉತ್ತರ).

ಸೇಲ್ಸ್@ಎಕ್ಸಾಂಪಲ್.ಕಾಮ್   ಹೊಸಬರು@ಎಕ್ಸಾಂಪಲ್.ಕಾಮ್

ಇಷ್ಟು ಸರಳವಾದ ಫೈಲಿನಲ್ಲೂ ಸದ್ದಿಲ್ಲದೆ ಕೆಡುವ ಜಾಗಗಳಿವೆ. ಸಾಲಿನ ಆರಂಭದಲ್ಲಿ ಒಂದು ಸ್ಪೇಸ್ ಬಿದ್ದರೂ ಸಾಕು, ಅದು ಹೊಸ ನಮೂದಾಗದೆ ಹಿಂದಿನ ಸಾಲಿನ ಬಾಲವಾಗಿ ಸೇರಿಕೊಳ್ಳುತ್ತದೆ. ಹ್ಯಾಶ್ ಚಿಹ್ನೆ ಹಾಕಿ ಟಿಪ್ಪಣಿ ಬರೆಯುವುದಾದರೆ ಅದಕ್ಕೆ ಪ್ರತ್ಯೇಕ ಸಾಲು ಕೊಡಿ. ನಮೂದಿನ ಕೊನೆಗೆ ಬರೆದರೆ ಟಿಪ್ಪಣಿಯೂ ಬೆಲೆಯ ಭಾಗವಾಗಿಬಿಡುತ್ತದೆ. ಒಂದೇ ಕೀ ಎರಡು ಸಲ ಇದ್ದರೆ ಎಚ್ಚರಿಕೆಯ ಸಾಲೊಂದು ಬರುತ್ತದೆ, ಮೊದಲನೆಯದು ಉಳಿಯುತ್ತದೆ. ಕೆಳಗೆ ಹೊಸದಾಗಿ ಸೇರಿಸಿದ್ದು ಕೆಲಸ ಮಾಡುತ್ತಿಲ್ಲ ಎಂದರೆ ಮೇಲೆ ಹಳೆಯದೊಂದು ಕೂತಿದೆಯೇ ಹುಡುಕಿ.

ಈಗ ಕಟ್ಟಿ:

ಪೋಸ್ಟ್‌ಮ್ಯಾಪ್ ಹ್ಯಾಶ್:/ಇಟಿಸಿ/ಪೋಸ್ಟ್‌ಫಿಕ್ಸ್/ವರ್ಚುಯಲ್

ಹ್ಯಾಶ್ ಬಗೆಯಾದರೆ ಪಕ್ಕದಲ್ಲೇ ಡಾಟ್ ಡಿಬಿ ಎಂದು ಕೊನೆಗೊಳ್ಳುವ ಫೈಲ್ ಹುಟ್ಟುತ್ತದೆ. ಪೋಸ್ಟ್‌ಫಿಕ್ಸ್‌ನ ಯಾವ ಆಜ್ಞೆಯಲ್ಲೂ ಆ ಬಾಲವನ್ನು ನೀವು ಬರೆಯಬಾರದು, ಪೋಸ್ಟ್‌ಫಿಕ್ಸ್ ತಾನೇ ಸೇರಿಸಿಕೊಳ್ಳುತ್ತದೆ. ಕಟ್ಟುವುದನ್ನು ಮರೆತಿದ್ದರೆ ಡೇಟಾಬೇಸ್ ಮೂಲ ಫೈಲಿಗಿಂತ ಹಳೆಯದು ಎಂಬ ಎಚ್ಚರಿಕೆ ಲಾಗ್‌ನಲ್ಲಿ ಬಿದ್ದಿರುತ್ತದೆ.

ಕಟ್ಟಿ ಎದ್ದುಹೋಗಬೇಡಿ. ಟೇಬಲನ್ನೇ ಕೇಳಿ:

ಪೋಸ್ಟ್‌ಮ್ಯಾಪ್ -ಕ್ಯೂ ಸೇಲ್ಸ್@ಎಕ್ಸಾಂಪಲ್.ಕಾಮ್ ಹ್ಯಾಶ್:/ಇಟಿಸಿ/ಪೋಸ್ಟ್‌ಫಿಕ್ಸ್/ವರ್ಚುಯಲ್

ಸಿಕ್ಕರೆ ಬೆಲೆ ತೆರೆಯ ಮೇಲೆ ಬರುತ್ತದೆ, ಆಜ್ಞೆ 0 ಹಿಂದಿರುಗಿಸುತ್ತದೆ. ಸಿಗದಿದ್ದರೆ ಏನೂ ಮುದ್ರಿಸದೆ 1 ಹಿಂದಿರುಗಿಸುತ್ತದೆ. ಮೈಸೀಕ್ವೆಲ್ ಡೇಟಾಬೇಸ್ ಅಥವಾ ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿ ವಿಳಾಸಗಳನ್ನು ಇಟ್ಟವರಿಗೂ ಇದೇ ಆಜ್ಞೆ ಒದಗುತ್ತದೆ, ಟೇಬಲ್ ಬಗೆಯ ಹೆಸರನ್ನೂ ಫೈಲಿನ ಹೆಸರನ್ನೂ ಬದಲಿಸಬೇಕು. ದೋಷ ಡೇಟಾಬೇಸ್‌ನಲ್ಲಿದೆಯೋ ಪೋಸ್ಟ್‌ಫಿಕ್ಸ್‌ನಲ್ಲಿದೆಯೋ ಎಂದು ಬೇರ್ಪಡಿಸಲು ಇದಕ್ಕಿಂತ ಚುರುಕಾದ ದಾರಿ ನನಗೆ ಸಿಕ್ಕಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಸೂಚಿ ಕಟ್ಟಿದ ಟೇಬಲ್‌ನಲ್ಲಿ '-ಕ್ಯೂ' ನೀವು ಕೊಟ್ಟ ಕೀಯನ್ನು ಮಾತ್ರ ಹುಡುಕುತ್ತದೆ, ಅದರಾಚೆ ಯೋಚಿಸುವುದಿಲ್ಲ. ಸರ್ವರ್ ಹಾಗಲ್ಲ. ವರ್ಚುಯಲ್ ಟೇಬಲ್‌ನಲ್ಲಿ ಅದು ಮೊದಲು ಪೂರ್ತಿ ವಿಳಾಸ ನೋಡುತ್ತದೆ, ಡೊಮೇನ್ ಸ್ಥಳೀಯವಾಗಿದ್ದರೆ ಬರೀ ಬಳಕೆದಾರರ ಹೆಸರನ್ನೂ ನೋಡುತ್ತದೆ, ಕೊನೆಗೆ '@ಎಕ್ಸಾಂಪಲ್.ಕಾಮ್' ಎಂಬ ಡೊಮೇನ್ ಭಾಗವನ್ನು ನೋಡುತ್ತದೆ. ನಿಮ್ಮ ಟೇಬಲ್‌ನಲ್ಲಿ ಡೊಮೇನ್ ಸಾಲು ಮಾತ್ರ ಇದ್ದರೆ, ಪೂರ್ತಿ ವಿಳಾಸ ಕೊಟ್ಟು ಕೇಳಿದಾಗ ಉತ್ತರ ಬಾರದು, ಮೇಲ್ ಮಾತ್ರ ಸರಿಯಾಗಿಯೇ ತಲುಪುತ್ತಿರುತ್ತದೆ. ಆದ್ದರಿಂದ ಪ್ರತಿ ರೂಪವನ್ನೂ ಬೇರೆಬೇರೆಯಾಗಿ ಕೇಳಿ. ಇಡೀ ಹಾದಿಯನ್ನೇ ಪರೀಕ್ಷಿಸಬೇಕಿದ್ದರೆ 'ಸೆಂಡ್‌ಮೇಲ್ -ಬಿವಿ' ಎಂದು ಬರೆದು ವಿಳಾಸ ಕೊಡಿ. ಪೋಸ್ಟ್‌ಫಿಕ್ಸ್ ಯಾರಿಗೂ ಪತ್ರ ತಲುಪಿಸದೆ, ಆ ವಿಳಾಸ ಎಲ್ಲಿಗೆ ಹೋಗುತ್ತಿತ್ತು ಎಂಬ ವರದಿಯನ್ನು ನಿಮಗೆ ಮೇಲ್ ಮಾಡುತ್ತದೆ.

ಒಂದು ಕೀಯನ್ನು ತಕ್ಷಣ ತೆಗೆಯಲು '-ಡಿ' ಇದೆ, ಇರುವ ಡೇಟಾಬೇಸ್‌ಗೆ ಹೊಸದನ್ನು ಸೇರಿಸಲು '-ಐ' ಇದೆ. ಎರಡೂ ಮೂಲ ಪಠ್ಯವನ್ನು ಮುಟ್ಟುವುದಿಲ್ಲ. ಕೆಲಸ ಬಿಟ್ಟವರೊಬ್ಬರ ವಿಳಾಸವನ್ನು ನಾನು ಒಮ್ಮೆ -ಡಿ ಕೊಟ್ಟು ಅಳಿಸಿ ನಿಶ್ಚಿಂತನಾಗಿದ್ದೆ. ಮುಂದಿನ ಸಲ ಬೇರಾವುದೋ ಸಾಲಿಗಾಗಿ ಟೇಬಲ್ ಕಟ್ಟಿದಾಗ ಆ ವಿಳಾಸ ಮರಳಿ ಬಂದಿತ್ತು, ಗಮನಿಸುವಷ್ಟರಲ್ಲಿ ಹಲವು ಪತ್ರಗಳು ಸಲ್ಲದ ಕಡೆ ಹೋಗಿದ್ದವು. ಅಂದಿನಿಂದ ನಾನು ಪಠ್ಯವನ್ನೇ ತಿದ್ದಿ ಕಟ್ಟುತ್ತೇನೆ.

ಐಪಿ ವಿಳಾಸಗಳ ಗುಂಪನ್ನೋ ಪಠ್ಯದ ಮಾದರಿಯನ್ನೋ ಹೊಂದಿಸಿ ನೋಡುವ ಸಿಐಡಿಆರ್, ರೆಜೆಕ್ಸ್‌ಪಿ, ಪಿಸಿಆರ್‌ಇ ಟೇಬಲ್‌ಗಳನ್ನು ಕಟ್ಟಬೇಕಿಲ್ಲ, ಪೋಸ್ಟ್‌ಫಿಕ್ಸ್ ಪಠ್ಯವನ್ನೇ ಓದುತ್ತದೆ. ತಿದ್ದಿದ ಮೇಲೆ 'ಪೋಸ್ಟ್‌ಫಿಕ್ಸ್ ರೀಲೋಡ್' ಕೊಡಿ. ಇವುಗಳನ್ನೂ '-ಕ್ಯೂ' ಮೂಲಕ ಕೇಳಬಹುದು. ಇಲ್ಲಿ ಸಾಲುಗಳ ಕ್ರಮವೇ ಮುಖ್ಯ, ಮೊದಲು ಹೊಂದಿದ ಸಾಲಿನ ಬೆಲೆಯೇ ಉತ್ತರ. ಇನ್ನು ಸ್ಥಳೀಯ ಅಡ್ಡಹೆಸರುಗಳ 'ಏಲಿಯಾಸಸ್' ಫೈಲಿನಲ್ಲಿ ಹೆಸರಿನ ಮುಂದೆ ಕೋಲನ್ ಇರುವುದರಿಂದ ಅದನ್ನು ಪೋಸ್ಟ್‌ಮ್ಯಾಪ್‌ಗೆ ಕೊಡಬೇಡಿ. ಅದಕ್ಕೆ 'ಪೋಸ್ಟ್‌ಏಲಿಯಾಸ್' ಅಥವಾ 'ನ್ಯೂಏಲಿಯಾಸಸ್' ಇದೆ.

ಮೇಲ್ ಓಡಾಟ ಹೆಚ್ಚಿರುವ ಸರ್ವರ್ ನಿಮ್ಮದಾದರೆ ಇನ್ನೊಂದು ಜಾಗ್ರತೆ ಬೇಕು. ಹ್ಯಾಶ್ ಬಗೆಯಲ್ಲಿ ಪೋಸ್ಟ್‌ಮ್ಯಾಪ್ ಹಳೆಯ ಫೈಲಿನ ಮೇಲೆಯೇ ಬರೆಯುತ್ತದೆ. ಅರ್ಧದಲ್ಲಿ ಡಿಸ್ಕ್ ತುಂಬಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ. ಸಿಡಿಬಿಗೆ ಈ ತೊಂದರೆಯಿಲ್ಲ. ಹ್ಯಾಶ್ ಬಳಸುವವರು ಮೂಲ ಪಠ್ಯವನ್ನು 'ವರ್ಚುಯಲ್.ಇನ್' ಎಂಬ ಹೆಸರಿನಲ್ಲಿಟ್ಟು ಅದನ್ನು ಕಟ್ಟಿ. ಆಗ ಹೊಸ ಡೇಟಾಬೇಸ್ 'ವರ್ಚುಯಲ್.ಇನ್.ಡಿಬಿ' ಆಗಿ ಪ್ರತ್ಯೇಕ ನಿಲ್ಲುತ್ತದೆ, ಸರ್ವರ್ ಹಳೆಯದನ್ನೇ ಓದುತ್ತಿರುತ್ತದೆ. ಪೋಸ್ಟ್‌ಮ್ಯಾಪ್‌ಗೆ '-ಎಸ್' ಕೊಟ್ಟರೆ ಟೇಬಲ್‌ನ ಎಲ್ಲ ನಮೂದುಗಳೂ ಹೊರಬರುತ್ತವೆ. ಹಳೆಯದರ ಪಟ್ಟಿ, ಹೊಸದರ ಪಟ್ಟಿ ಎರಡನ್ನೂ 'ಸಾರ್ಟ್' ಮಾಡಿ, ವ್ಯತ್ಯಾಸ ತೋರಿಸುವ 'ಡಿಫ್' ಆಜ್ಞೆಗೆ ಕೊಡಿ. ನೀವು ತಿದ್ದಿದ ಸಾಲಿನ ಹೊರತು ಬೇರೇನೂ ಬದಲಾಗಿಲ್ಲ ಎಂದು ಕಂಡ ಮೇಲೆ ಹೆಸರು ಬದಲಿಸಿ:

ಎಂವಿ ವರ್ಚುಯಲ್.ಇನ್.ಡಿಬಿ ವರ್ಚುಯಲ್.ಡಿಬಿ